ಹೆಸರೆತ್ತಬಾರದ ಕೊಲೆಗಾರ

ಜಲಜ: ಪಾಯ್ಸ ಕುಡ್ದ್ ಯಾರಾರೂ ಸತ್ತದ್ ಕಂಡಿದ್ರ್ಯಾ ನೀವ್? ದಿಂಬ್ ಒತ್ತಿದ್ ಯಾರ್? ಅದ್ ಹೇಳಿ ಮೊದ್ಲ್.

ಭಾಸ್ಕರ: ಪಾಯ್ಸಕ್ಕೆ ನಿದ್ರಿ ಮಾತ್ರೆ ಹಾಕಿದ್ ಯಾರ್? ಅದ್ ಹೇಳ್ ನೀನ್. ಆ ಮುದ್ಕ ಎಚ್ರ ಇದ್ದಿದ್ರೆ ದಿಂಬ್ ಒತ್ತುಕೆ ಬಿಡ್ತಿದ್ನಾ?

ಜಲಜ: ಮಾತ್ರೆ ತಿಂದ್ ಮನಿಕಂಡವ ಬೆಳಿಗ್ಗೆ ಏಳ್ತ. ದಿಂಬ್ ಒತ್ರೆ ಏಳ್ತನಾ?

ಭಾಸ್ಕರ: ಹೆಂಡ್ತಿ ಹೇಳ್ದಳ್, ಅವ ಒತ್ದ. ಸಾಧು ಜನ, ಪಾಪದವ.

ಜಲಜ: ಹೌದೌದ್, ಭಾರೀ ಪಾಪದವ್ರ್! ಪಾಪದವ್ರೆಲ್ಲ ಹೆಣದ್ ಮೇಲೆ ತುಳ್ಸಿಕಟ್ಟೆ ಕಟ್ತ್ರಾ?

ತಲ್ಲೂರಿನ ಆ ಮನೆಯಲ್ಲಿ ಆದಿತ್ಯವಾರದ ಬಂಗುಡೆ ಸಾರಿನ ಊಟ ಮುಗಿದು ಎಷ್ಟೋ ಹೊತ್ತಾಗಿತ್ತು. ಭಾಸ್ಕರನ ಎಂಜಲು ಕೈ ಬಟ್ಟಲಿನ ಮೇಲೆಯೇ ಒಣಗಿತ್ತು. ಟಿ.ವಿ.ಯಲ್ಲಿ 'ಪಾಪದ ಪಂಚನಾಮೆ'ಯ 'ಕೊಲೆಗಾರ ದಂಪತಿ' ಕಂತು ಆಗಷ್ಟೇ ಮುಗಿದಿತ್ತು. ಜಾಗದ ಆಸೆಗೆ ಗಂಡ ಹೆಂಡತಿ ಸೇರಿ ಮುದಿ ಮಾವನಿಗೆ ನಿದ್ರೆ ಮಾತ್ರೆಯ ಪಾಯಸ ಕುಡಿಸಿ, ಮುಖಕ್ಕೆ ದಿಂಬು ಒತ್ತಿ, ಹಿತ್ತಿಲಲ್ಲಿ ಹೂತು, ಮೇಲೆ ಚಂದದ ತುಳಸಿಕಟ್ಟೆ ಕಟ್ಟಿಸಿದ ಕಥೆ. ಹೆಂಡತಿ ರೇಖಾ ದಿನಾ ಮಿಂದು ಮಡಿಯುಟ್ಟು ಆ ಕಟ್ಟೆಗೆ ಪ್ರದಕ್ಷಿಣೆ ಬರುತ್ತಿದ್ದಳು. ಗಂಡನ ಹೆಸರು, ಗ್ರಹಚಾರ ನೋಡಿ, ಭಾಸ್ಕರ.

ನಮ್ಮ ಭಾಸ್ಕರ ಮೀನು ಬಿಟ್ಟರೆ ಬೇರೆ ಏನನ್ನೂ ಕೊಂದವನಲ್ಲ. ದೋಣಿಯಲ್ಲಿ ತಾಂಡೇಲನಾಗಿ ನಾಲ್ಕು ಜನರಿಗೆ ಹುಕುಂ ಕೊಟ್ಟುಕೊಂಡಿದ್ದವನು, ಹೋದ ವರ್ಷ ಎದೆನೋವು ಬಂದ ಮೇಲೆ ಟಿ.ವಿ.ಯ ಎದುರು ಲಂಗರು ಹಾಕಿದ್ದಾನೆ. ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಬುಟ್ಟಿಯ ಮುಂದೆ ಕೂರುವ ಜಲಜ ಈಗ ಮನೆಯ ತಾಂಡೇಲ. ಆ ಬಡ್ತಿ ಆಕೆಗೆ ಮೊದಲೇ ಸಿಕ್ಕಿತ್ತು, ಇವನಿಗೆ ಗೊತ್ತಾದದ್ದು ಈಚೆಗೆ ಅಷ್ಟೆ.

ಜಲಜ: ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ಕೊಲೆ ಮಾಡಿದ್ ತಪ್ಪೇ. ಆರೆ ಅವ್ರ್ ಸಂಸಾರ ಕಾಂಬುಕೆ ಚಂದ ಇತ್ತ್.

ಭಾಸ್ಕರ: ಎಂತ ಚಂದ?

ಜಲಜ: ಹೆಂಡ್ತಿ ಹೊಂಡ ತೆಗಿ ಅಂದಳ್. ಅವ್ರ್ ತೆಗ್ದ್ರ್. ಒಂದ್ ಸಲ ಹೇಳದ್ದಕ್ಕೆ! ಬಚ್ಚಲ್ ನೀರ್ ಹೋಪುಕೆ ಒಂದ್ ಹೊಂಡ ತೆಗಿನಿ ಅಂದೇಳಿ ನಾನ್ ಏಗ್ಳಿಂದ ಬಡ್ಕಂತಿದ್ದೆ?

ಭಾಸ್ಕರ: ಅವಂಗೆ ಹೆಣ ಹೂಳುಕ್ ಇದ್ದಿತ್. ನಂಗೆ ಎಂತ ಇತ್ತ್? ಬಚ್ಚಲ್ ನೀರ್.

ಜಲಜ: ಓಹೋ, ಹೆಣ ತಂದ್ ಕೊಟ್ರೆ ಮಾತ್ರ ಹಾರೆ ಹಿಡಿತ್ರಿ ನೀವ್!

ಭಾಸ್ಕರ: ಡಾಕ್ಟ್ರ್ ಭಾರ ಎತ್ತಬೇಡಿ ಅಂದಿದ್ರ್.

ಜಲಜ: ರಿಮೋಟ್ ಎತ್ತುಕಾತ್ತಾ?

ಭಾಸ್ಕರ ರಿಮೋಟನ್ನು ಮೆಲ್ಲ ಕೆಳಗಿಟ್ಟ. ಅಷ್ಟರಲ್ಲಿ ಟಿ.ವಿ.ಯಲ್ಲಿ ಢಣ್ ಎಂದು ಸುತ್ತಿಗೆ ಬಡಿದ ಸದ್ದಾಯಿತು. ನಿರೂಪಕಿ ದಿವ್ಯಾ ಪ್ರತ್ಯಕ್ಷಳಾದಳು. ಈಗ 'ವೀಕ್ಷಕರ ತೀರ್ಪು'. ನೇರ ಪ್ರಸಾರ. ಕರೆ ಮಾಡಿದವರು ನ್ಯಾಯಾಧೀಶರಂತೆ ಅಪರಾಧಿಯ ಹೆಸರು ಹೇಳಬೇಕು, ಶಿಕ್ಷೆಯನ್ನೂ ಹೇಳಬೇಕು. ಹೆಸರು ಬಾಯಿಬಿಟ್ಟು ಹೇಳಿದರೆ ಮಾತ್ರ ಸುತ್ತಿಗೆ ಬೀಳುತ್ತದೆ, ಹೇಳದಿದ್ದರೆ ಅಭಿಪ್ರಾಯ ರದ್ದು.

ಜಲಜ ಸೀರೆಯ ಸೆರಗಿಗೆ ಕೈ ಒರೆಸಿ ಮೊಬೈಲು ತೆಗೆದುಕೊಂಡಳು. ಅದಕ್ಕೆ ಕಾರಣ ಕೊಲೆಯಲ್ಲ, ಅಕ್ಕು. ಮಾರ್ಕೆಟಿನಲ್ಲಿ ಪಕ್ಕದ ಬುಟ್ಟಿಯವಳು, ಊರಿನಲ್ಲಿ ಪಕ್ಕದ ಮನೆಯವಳು. ಹೋದ ವಾರ ಅವಳ ಕರೆ ತಾಗಿ, "ಎಪಿಸೋಡ್ ತುಂಬಾ ಚೆನ್ನಾಗಿ ಮೂಡಿಬಂದಿದೆ ಮೇಡಂ" ಎಂದು ಬೆಂಗಳೂರಿನ ಕನ್ನಡದಲ್ಲಿ ಉಲಿದು ಸುತ್ತಿಗೆ ಬಡಿಸಿಕೊಂಡಿದ್ದಳು. ಅವತ್ತಿನಿಂದ ಬಂಗುಡೆಯನ್ನೂ ಅದೇ ಕನ್ನಡದಲ್ಲಿ ಮಾರುತ್ತಿದ್ದಾಳೆ. ಗಿರಾಕಿಗಳು ಜಲಜಳ ಬುಟ್ಟಿ ದಾಟಿ ಟಿ.ವಿ.ಯಲ್ಲಿ ಬಂದ ಹೆಂಗಸಿನ ಬುಟ್ಟಿಗೆ ಹೋಗಿ ಬಗ್ಗುವುದನ್ನು ನೋಡಿ ನೋಡಿ ಜಲಜಳ ಹೊಟ್ಟೆ ಉರಿದು ಬೂದಿಯಾಗಿತ್ತು.

ಜಲಜ: ಇವತ್ತ್ ನನ್ನ್ ಸ್ವರ ಟಿ.ವಿ.ಯಗೆ ಬರ್ಕ್. ಅಕ್ಕು ಕೇಂಕ್. ಮತ್ತೆ ಬದ್ಕುದೋ ಸಾಯುದೋ ಕಾಂಬ.

ಭಾಸ್ಕರ: ಮಾಡ್ ಮಾಡ್. ಆರೆ ಹೆಸ್ರ್ ಹೇಳ್ಕಂಬ್ರ್.

ಜಲಜ: ಹೇಳ್ತೆ. ಅದಕ್ಕೆಂತ?

ಭಾಸ್ಕರ: ಯಾರ್ ಹೆಸ್ರ್ ಹೇಳ್ತೆ?

ಜಲಜ: ದಿಂಬ್ ಒತ್ತಿದವ್ರ್ದ್. ಅವ್ರ್ ಹೆಸ್ರ್…

ಬೆರಳು ಮೊಬೈಲಿನ ಮೇಲೆಯೇ ನಿಂತಿತು. ಬಾಯಿ ತೆರೆದಿತ್ತು, ಸ್ವರ ಬರಲಿಲ್ಲ. ಭಾಸ್ಕರನಿಗೆ ಹೊಟ್ಟೆಯೊಳಗೇ ನಗೆ ಬಂತು.

ಜಲಜ ಮದುವೆಯಾದ ಲಾಗಾಯ್ತಿನಿಂದ ಗಂಡನ ಹೆಸರೆತ್ತಿದವಳಲ್ಲ. ಎತ್ತಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ಹೆತ್ತ ಅಬ್ಬಿ ಹೇಳಿಕೊಟ್ಟದ್ದು. ಮಗಳು ಹುಟ್ಟುವ ತನಕ ಅವನು 'ಹ್ವಾಯ್' ಆಗಿದ್ದ. ಹುಟ್ಟಿದ ಮೇಲೆ 'ದೀಕ್ಷನ ಅಪ್ಪಯ್ಯ'ನೂ ಆದ. ಟಿ.ವಿ.ಯ ಕೊಲೆಗಾರನಿಗೂ ಅದೇ ಹೆಸರಿದ್ದುದರಿಂದ ಆ ನೀಚನಿಗೂ ಆಗಿನಿಂದ 'ಅವ್ರ್', 'ಇವ್ರ್' ಎಂಬ ಬಹುವಚನದ ಮರ್ಯಾದೆ ಪುಕ್ಕಟೆ ಸಲ್ಲುತ್ತಿತ್ತು.

ಎದೆನೋವಿನ ದಿನ ಆಸ್ಪತ್ರೆಯ ಹುಡುಗಿ ರೋಗಿಯ ಹೆಸರು ಕೇಳಿದಾಗಲೂ ಜಲಜ ಬಾಯಿ ಬಿಟ್ಟಿರಲಿಲ್ಲ. ಅಳುತ್ತಲೇ ಕಿಟಕಿಯ ಹೊರಗೆ ಸೂರ್ಯನತ್ತ ಬೆರಳು ತೋರಿಸಿದ್ದಳು. ಹುಡುಗಿ ಬಗ್ಗಿ ನೋಡಿ 'ಆಕಾಶ್' ಎಂದು ಬರೆದುಕೊಂಡಳು. ಆಮೇಲೆ "ಆಕಾಶ್, ಇಂಜೆಕ್ಷನ್!" ಎಂದು ಕರೆದಾಗಲೆಲ್ಲ ಭಾಸ್ಕರ ಪಕ್ಕದ ಹಾಸಿಗೆಯವನನ್ನು ಎಬ್ಬಿಸುತ್ತಿದ್ದ.

ಭಾಸ್ಕರ: ಹೇಳ್ ಕಾಂಬ. ಭಾ… ಸ್ಕ…

ಜಲಜ: ಸುಮ್ಗಿರಿ! ಅವತ್ತ್ ನಿಮ್ಮನ್ ಉಳ್ಸಿದ್ ಡಾಕ್ಟ್ರ್ ಅಂದೇಳಿ ಎಣ್ಸಿದ್ರ್ಯಾ? ನಾನ್ ಹೆಸ್ರ್ ಹೇಳ್ದೆ ಬಾಯಿ ಮುಚ್ಕಂಡ್ ಇದ್ದದ್ದಕ್ಕೆ ಉಳ್ದದ್.

ಭಾಸ್ಕರ: ದೀಕ್ಷ ಅದ್ರ್ ಗಂಡನ್ನ ದಿನಕ್ಕ್ ನೂರ್ ಸಲ 'ಯೋಗೀಶ್, ಯೋಗೀಶ್' ಅಂತ್ ಕರಿತ್ತ್. ಅವಂಗ್ ಎಂತ ಆಯ್ತ್? ಗುಂಡ್‌ಕಲ್ಲ್ ಕಂಡಂಗ್ ಇದ್ದ.

ಜಲಜ: ಅವ್ನ್ ಆಯಸ್ಸ್ ಅವ್ನಬ್ಬಿ ಕಾಣ್ಕಂತಳ್. ನಿಮ್ದ್ ನಾನೇ ಕಾಣ್ಕ್.

ಈ ಮಾತಿಗೆ ಭಾಸ್ಕರ ಚೂರು ಮೆತ್ತಗಾದ. ಹೇಳಬಾರದ ಒಂದು ಸಂಗತಿ ಅವನಲ್ಲೂ ಇತ್ತು. ಸಾಯುವ ಮೊದಲು ಒಂದೇ ಒಂದು ಸಲ ಇವಳ ಬಾಯಿಯಿಂದ ತನ್ನ ಹೆಸರು ಕೇಳಬೇಕೆಂದು ಅವನಿಗೆ ಬಹಳ ಆಸೆ. ಗಂಡಸು, ಅದೂ ತಾಂಡೇಲ, ಇಂಥದ್ದನ್ನೆಲ್ಲ ಬಾಯಿಬಿಟ್ಟು ಕೇಳುವುದು ಹ್ಯಾಗೆ? ಹಾಗಾಗಿ ಕೀಟಲೆ ಮಾಡಿಕೊಂಡೇ ಬಂದಿದ್ದ.

ಜಲಜ: ಒಂದ್ ಕೆಲ್ಸ ಮಾಡುವ. ತೀರ್ಪ್ ನಾನ್ ಕೊಡ್ತೆ. ಹೆಸ್ರ್ ಬಪ್ಪತ್ತಿಗೆ ನೀವ್ ಬದಿಯಗೆ ಕೂಕಂಡ್ ಹೇಳಿ.

ಭಾಸ್ಕರ: ನನ್ ಹೆಸ್ರ್ ನಾನೇ ಹೇಳ್ಕಂಡ್, ನಂಗ್ ಶಿಕ್ಷೆ ನೀನ್ ಕೊಡುದಾ? ಲಾಯ್ಕಿತ್ತ್ ನ್ಯಾಯ!

ಜಲಜ: ನಿಮ್ಗಲ್ಲ ಮಾರಾಯ್ರೆ, ಆ ನಿಮ್ಮ್ ಹೆಸ್ರಿನವ್ರಿಗ್!

ಭಾಸ್ಕರ: ನಾನ್ ಹೇಳುದಿಲ್ಲೆ. ನನ್ ಲೆಕ್ಕದಗೆ ರೇಖಾನೇ ಕಳ್ಳಿ.

ಮಾತಿನ ನಡುವೆಯೇ ಜಲಜ ನಂಬರು ಒತ್ತಿದ್ದಳು, ಕರೆ ಆ ಹೊತ್ತಿಗೇ ತಾಗಬೇಕೆ! ಅತ್ತಲಿಂದ ದಿವ್ಯಾಳ ಜೇನಿನಂಥ ಸ್ವರ ಕೇಳಿಸಿತು. ಜಲಜ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು, ದಿವ್ಯಾಳಿಗೆ ಕಾಣಿಸುತ್ತದೆ ಎಂಬಂತೆ.

ದಿವ್ಯಾ: ಹಲೋ, ನಮಸ್ಕಾರ! ಯಾರು ಮಾತಾಡ್ತಿರೋದು?

ಜಲಜ: ನಮಸ್ಕಾರ. ನಾನ್ ಜಲಜ. ಕುಂದಾಪ್ರದ ತಲ್ಲೂರಿಂದ.

ದಿವ್ಯಾ: ಜಲಜಮ್ಮ, ಮೊದಲು ನಿಮ್ಮ ಟಿ.ವಿ. ವಾಲ್ಯೂಮ್ ಕಮ್ಮಿ ಮಾಡ್ಕೊಳ್ಳಿ. ನಮಗೆ ಎಕೋ ಬರ್ತಿದೆ.

ಜಲಜ ಕಣ್ಣಲ್ಲೇ ಹುಕುಂ ಕೊಟ್ಟಳು. ಭಾಸ್ಕರ ರಿಮೋಟನ್ನು ಒತ್ತಿದ, ಅಂಗೈಗೆ ಬಡಿದ, ಮತ್ತೆ ಒತ್ತಿದ. ಅದರ ಸೆಲ್ಲು ಬಂಗುಡೆಗಿಂತ ಮೊದಲೇ ಸತ್ತಿತ್ತು. ಜಲಜ ಮೊಬೈಲಿನಲ್ಲಿ ಹೇಳಿದ್ದು ಸ್ವಲ್ಪ ಹೊತ್ತು ಬಿಟ್ಟು ಟಿ.ವಿ.ಯಿಂದ "ಕುಂದಾಪ್ರದ ತಲ್ಲೂರಿಂದ" ಎಂದು ಊರಿಗೆಲ್ಲ ಕೇಳುವಂತೆ ಬಂತು. ಪಕ್ಕದ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಫಕ್ಕನೆ ನಿಂತಿತು. ಅಕ್ಕು ಕೇಳಿಸಿಕೊಂಡಳು ಎಂದು ಜಲಜಳಿಗೆ ಖುಷಿಯೋ ಖುಷಿ.

ದಿವ್ಯಾ: ಸರಿ, ನ್ಯಾಯಾಧೀಶರೇ! ನಿಮ್ಮ ತೀರ್ಪಿನಲ್ಲಿ ಅಪರಾಧಿ ಯಾರು?

ಜಲಜ: ಆ ರೇಖಾನ ಗಂಡ.

ದಿವ್ಯಾ: ಹಾಗಲ್ಲ ಅಮ್ಮ. ರೂಲ್ಸ್ ಗೊತ್ತಲ್ಲ? ಹೆಸರು ಹೇಳಬೇಕು.

ಜಲಜ: ಹೆಸ್ರ್… ನಮ್ಮನಿಯವ್ರ್ದೇ.

ದಿವ್ಯಾ: ನಿಮ್ಮ ಮನೆಯವರ ಹೆಸರು ಬೇಡಮ್ಮ. ಕೊಲೆ ಮಾಡಿದವರ ಹೆಸರು.

ಜಲಜ: ಅದೇ ನಾನೂ ಹೇಳುದ್. ಕೊಲೆ ಮಾಡಿದವ್ರ್ ಹೆಸ್ರ್ ನಮ್ಮನಿಯವ್ರ್ದೇ.

ಅತ್ತ ದಿವ್ಯಾಳ ಸ್ವರದಲ್ಲಿದ್ದ ಜೇನೆಲ್ಲ ಇಳಿದುಹೋಗಿ ಬ್ರೇಕಿಂಗ್ ನ್ಯೂಸ್ ಏರಿಕೊಂಡಿತು.

ದಿವ್ಯಾ: ವೀಕ್ಷಕರೇ! ನಮ್ಮ ಕಾರ್ಯಕ್ರಮ ನೋಡಿ ಧೈರ್ಯ ತಂದುಕೊಂಡ ತಲ್ಲೂರಿನ ಮಹಿಳೆಯೊಬ್ಬರು ತಮ್ಮ ಗಂಡನ ಬಗ್ಗೆ… ಅಮ್ಮ, ಹೆದರಬೇಡಿ. ಇಡೀ ಕರ್ನಾಟಕ ನಿಮ್ಮ ಜೊತೆಗಿದೆ. ಅವರು ಈಗ ಎಲ್ಲಿದ್ದಾರೆ?

ಜಲಜ: ಇಲ್ಲೇ ಇದ್ರ್. ಕೈ ತೊಳಿಲೆ ಇನ್ನೂ.

ದಿವ್ಯಾ: ಕೈ ಕೂಡ ತೊಳೆದಿಲ್ಲ!

ಭಾಸ್ಕರ: ಸಾರಿನ್ ಕೈ ಮಾರಾಯ್ತಿ! ಸಾರಿನ್ ಕೈ ಅಂದೇಳಿ ಹೇಳ್!

ಜಲಜ: ಬೊಬ್ಬೆ ಹೊಡಿಬೇಡಿ, ಮಾತಾಡ್ತಿದ್ದೆ ಅಲ್ದಾ?

ದಿವ್ಯಾ: ಅವರು ನಿಮ್ಮನ್ನ ಬೆದರಿಸ್ತಿದ್ದಾರಾ ಅಮ್ಮ?

ಜಲಜ: ಇವ್ರಾ? ಇವ್ರ್ ನನ್ನನ್ನಾ?

ಜಲಜ ನಕ್ಕೇಬಿಟ್ಟಳು. ಆ ನಗೆಯಲ್ಲಿ ಅಷ್ಟೊಂದು ತಾತ್ಸಾರ ಬೇಕಿರಲಿಲ್ಲ ಎಂದು ಭಾಸ್ಕರನಿಗೆ ಅನ್ನಿಸಿತು. ಟಿ.ವಿ.ಯ ಕೆಳಗಡೆ ಕೆಂಪು ಪಟ್ಟಿಯಲ್ಲಿ 'ತಲ್ಲೂರು: ಗಂಡನ ಗುಟ್ಟು ಬಿಚ್ಚಿಟ್ಟ ಹೆಂಡತಿ' ಎಂಬ ಅಕ್ಷರಗಳು ಓಡತೊಡಗಿದವು. ಅವನಿಗೆ ಬೆವರು ಕಿತ್ತುಬಂತು. ಹೆಮ್ಮಾಡಿಯಲ್ಲಿ ಅವನ ಅಕ್ಕನ ಮನೆ, ಬ್ರಹ್ಮಾವರದಲ್ಲಿ ಮಗಳ ಮನೆ, ಎಲ್ಲರೂ ಆದಿತ್ಯವಾರ ಉಂಡು ನೋಡುವುದು ಇದನ್ನೇ.

ಭಾಸ್ಕರ: ಜಲಜಾ, ಕೈ ಮುಗಿತೆ. ಹೆಸ್ರ್ ಹೇಳ್ ಬಿಡ್. ಇಲ್ದಿದ್ರೆ ಪೊಲೀಸ್ ಜೀಪ್ ಬಂದ್ ಹೊತ್ಕಂಡ್ ಹೋತ್ತ್ ನನ್ನ.

ಜಲಜ: ಜೈಲಿಗ್ ಹೋರೆ ಜೀವ ಆರೂ ಇರತ್ತ್. ಹೆಸ್ರ್ ಹೇಳ್ರೆ ಅದೂ ಇಲ್ಲೆ. ಮೇಡಂ, ಕೇಣಿ. ನಮ್ಮನಿಯವ್ರ್ ಕೊಲೆ ಮಾಡ್ಲೆ. ಕೊಲೆ ಮಾಡಿದವ್ರಿಗೆ ನಮ್ಮನಿಯವ್ರ್ ಹೆಸ್ರ್. ಗಂಡನ್ ಹೆಸ್ರ್ ನಾವ್ ಹೇಳುಕಿಲ್ಲೆ.

ದಿವ್ಯಾ: ಓ… ಗಂಡನ ಹೆಸರು ಹೇಳಲ್ವಾ? ಸೋ ಸ್ವೀಟ್! ಹಾಗಾದ್ರೆ ಒಂದು ಸುಳಿವಾದ್ರೂ ಕೊಡಿ.

ಜಲಜ: ಬೆಳಿಗ್ಗೆ ಮೂಡ್ತ್ರ್. ಸಂಜಿಗ್ ಕಡ್ಲಿಗ್ ಇಳಿತ್ರ್.

ದಿವ್ಯಾ: ಮೀನುಗಾರರಾ?

ಜಲಜ: ಮೀನುಗಾರ್ರೂ ಹೌದ್. ಆರೆ ನಾನ್ ಹೇಳಿದ್ ಮೇಲ್ ಇಪ್ಪವ್ರ್.

ದಿವ್ಯಾ: ಮೇಲೆ… ಸೂರ್ಯ? ರವಿ! ನಮ್ಮ ಕಂತಿನ ಕಾನ್‌ಸ್ಟೇಬಲ್ ಹೆಸರು ರವಿ! ಅವರೇ ಅಪರಾಧಿ ಅಂತೀರಾ?

ಜಲಜ: ಅಯ್ಯೋ ದೇವ್ರೆ, ಆ ಪೊಲೀಸ ಎಂತ ಮಾಡಿದ ಪಾಪ! ತುಳ್ಸಿಕಟ್ಟೆ ಅಗ್ದದ್ ಒಂದ್ ಬಿಟ್ರೆ!

ದಿವ್ಯಾ: ಅಮ್ಮ, ಟೈಮಿಲ್ಲ. ಕೊನೆಯ ಅವಕಾಶ. ಹೆಸರು ಹೇಳಲಿಲ್ಲ ಅಂದ್ರೆ ಕಾಲ್ ಕಟ್ ಮಾಡ್ಬೇಕಾಗುತ್ತೆ.

ಜಲಜಳ ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. ಒಂದು ಕಡೆ ಅಕ್ಕು, ಇನ್ನೊಂದು ಕಡೆ ಗಂಡನ ಆಯಸ್ಸು. ಅವಳು ಮೆಲ್ಲನೆ ಮೊಬೈಲು ಕೆಳಗಿಳಿಸಿದಳು. "ಬ್ಯಾಡ ಬಿಡಿ ಮೇಡಂ. ಇವ್ರಿದ್ರೆ ಸಾಕ್ ನಂಗೆ" ಎಂದಳು.

ಭಾಸ್ಕರನ ಎದೆಯಲ್ಲಿ ಏನೋ ಆಯಿತು, ಡಾಕ್ಟರು ಹೇಳಿದ್ದಲ್ಲ, ಬೇರೆ. ಪಾಪ, ಇಷ್ಟು ಆಸೆಪಟ್ಟವಳ ಕರೆ ವ್ಯರ್ಥವಾಗಬಾರದು ಎಂದು ಅವನು ಮೊಬೈಲಿಗೆ ಕೈಹಾಕಿದ. ಒಳ್ಳೆಯ ಬುದ್ಧಿಯಿಂದಲೇ ಹಾಕಿದ್ದು. ಆದರೆ ಬಾಯಿಗೆ ಮೊಬೈಲು ಸಿಕ್ಕಿದ ಕೂಡಲೇ ಒಳಗಿದ್ದ ಅಭಿಪ್ರಾಯ ಎದ್ದು ಕೂತಿತು. ಟಿ.ವಿ. ನೋಡುವವರ ಹಣೆಬರಹವೇ ಅಷ್ಟು.

ಭಾಸ್ಕರ: ಹಲೋ, ನಾನ್ ಭಾಸ್ಕರ ಮಾತಾಡುದ್.

ದಿವ್ಯಾ: ವೀಕ್ಷಕರೇ, ಸ್ವತಃ ಭಾಸ್ಕರ್ ಲೈನಿನಲ್ಲಿದ್ದಾರೆ! ಹೇಳಿ ಸರ್, ನಿಮ್ಮ ಮನೆಯ ತೀರ್ಪೇನು?

ಭಾಸ್ಕರ: ನಮ್ಮನಿ ತೀರ್ಪ್, ಆ ಭಾಸ್ಕರ ಪಾಪದವ. ಎಲ್ಲ ಮಾಡ್ಸಿದ್ ರೇಖಾ. ಹೆಂಗ್ಸ್ ಹೇಳ್ದೆ ಗಂಡ್ಸ್ ಹೊಂಡ ತೆಗಿತ್ನಾ ಮೇಡಂ? ನಮ್ಮನಿಯಗೇ ಕಾಣಿ…

ದಿವ್ಯಾ: ಅದ್ಭುತ! ಹಾಗಾದ್ರೆ ತಲ್ಲೂರಿನ ಜಲಜಮ್ಮನವರ ಮನೆಯ ತೀರ್ಪು, ಅಪರಾಧಿ ರೇಖಾ! ಸುತ್ತಿಗೆ ಬೀಳ್ತಾ ಇದೆ. ಒಂದು, ಎರಡು…

ಜಲಜ ಕೋಪದಲ್ಲಿ ಮೊಬೈಲು ಕಸಿದುಕೊಂಡಳು.

ಜಲಜ: ಹ್ವಾಯ್ ಮೇಡಂ! ನಿಲ್ಸಿ ಸುತ್ಗಿ! ಕರೆ ಮಾಡಿದ್ ನಾನ್! ರೇಖಾ ಅಲ್ಲ, ಭಾಸ್ಕರ! ದಿಂಬ್ ಒತ್ತಿದ್ ಭಾಸ್ಕರ! ಭಾಸ್ಕರನ್ನ ಗಲ್ಲಿಗ್ ಹಾಕ್ಕ್!

ಢಣ್.

ಸುತ್ತಿಗೆ ಬಿತ್ತು, ಕರೆ ಕಡಿಯಿತು. ಜಲಜ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಗ, ಸ್ವಲ್ಪ ಹೊತ್ತು ಬಿಟ್ಟು, ಟಿ.ವಿ. ತನ್ನ ಸರದಿ ತೆಗೆದುಕೊಂಡಿತು. "ಭಾಸ್ಕರ! ದಿಂಬ್ ಒತ್ತಿದ್ ಭಾಸ್ಕರ! ಭಾಸ್ಕರನ್ನ ಗಲ್ಲಿಗ್ ಹಾಕ್ಕ್!" ತಲ್ಲೂರು ಇಡೀ ಕೇಳಿತು. ಕಣ್ಣು ಮುಚ್ಚಿಕೊಂಡು ಕೇಳಿದವನು ಭಾಸ್ಕರ ಒಬ್ಬನೇ.

ಅಕ್ಕು (ಗೋಡೆಯಾಚೆಯಿಂದ, ಬೆಂಗಳೂರು ಮರೆತು): ಜಲ್ಜಕ್ಕಾ! ಎಂತಕ್ಕೆ ಅಣ್ಣನ್ನ ಗಲ್ಲಿಗ್ ಹಾಕುದ್? ಜಗ್ಳ ಆಯ್ತಾ?

ಜಲಜ: ಅಯ್ಯೋ, ಎಂತ ಆಯ್ತ್ ನಂಗೆ! ಹ್ವಾಯ್, ಎದೆ ನೋತ್ತಾ? ಬೆವರ್ತಿದ್ರಿ ಅಲ್ದಾ? ನೀರ್ ಕೊಡ್ಲಾ? ಆಯಸ್ಸ್…

ಭಾಸ್ಕರ: ಇಷ್ಟ್ ವರ್ಷದಗೆ ಒಂದ್ ಸಲ ನನ್ ಹೆಸ್ರ್ ಹೇಳ್ದೆ. ಅದೂ ಗಲ್ಲಿಗ್ ಹಾಕುಕೆ. ಇನ್ನೆಂತ ಆಯಸ್ಸ್ ಮಾರಾಯ್ತಿ?

ಜಲಜ: ತಮಾಷಿ ಮಾಡ್ಬೇಡಿ! ತಡಿನಿ, ನಾನ್ ಹೇಳಿದ್ ನಿಮ್ ಹೆಸ್ರಲ್ಲ. ಆ ದಿಂಬ್ ಒತ್ತಿದವಂದ್. ಆಯಸ್ಸ್ ಕಮ್ಮಿ ಆರೆ ಅವಂದ್ ಆತ್ತ್. ಹೌದಾ ಅಲ್ದಾ?

ಕೊಲೆಗಾರನಿಗೆ ಅಲ್ಲಿಯವರೆಗೆ ಸಲ್ಲುತ್ತಿದ್ದ ಬಹುವಚನ ಅಲ್ಲಿಗೆ ರದ್ದಾಯಿತು. ಜಲಜ ನಿಟ್ಟುಸಿರು ಬಿಟ್ಟು ಕುಳಿತಳು. ಭಾಸ್ಕರ ಅವಳ ಮುಖ ನೋಡಿದ, ಟಿ.ವಿ. ನೋಡಿದ, ಒಣಗಿದ ಕೈ ನೋಡಿಕೊಂಡ. ಇವತ್ತು ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಿಕ್ಕಾಗುವುದಿಲ್ಲ ಎಂದು ಅನ್ನಿಸಿತು.

ಭಾಸ್ಕರ: ಹಾಂಗಾರೆ… ನಂದ್ ಒಂದ್ ಸಲ ಹೇಳ್. ಮೆಲ್ಲ ಹೇಳ್ರೂ ಸಾಕ್.

ಜಲಜ: ಎಂತ?

ಭಾಸ್ಕರ: ಹೆಸ್ರ್. ಕೇಂಬುಕ್ ಚಂದ ಇದ್ದಿತ್.

ಜಲಜ ಕೆಂಪಗಾದಳು. ಈ ಪ್ರಾಯದಲ್ಲಿ ಕೆಂಪಗಾದದ್ದಕ್ಕೆ ಸಿಟ್ಟೂ ಬಂತು.

ಜಲಜ: ಹೇಳ್ತೆ ಹೇಳ್ತೆ. ಮೊದ್ಲ್ ಹೋಯಿ ಯಾರನ್ನಾರೂ ಒಬ್ರನ್ನ ಕೊಂದ್ ಬನಿ.

ಭಾಸ್ಕರ ಎದ್ದ. ಕೈ ತೊಳೆದ. ಪಂಚೆ ಮೇಲಕ್ಕೆ ಕಟ್ಟಿ, ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಾರೆಯನ್ನು ಹೆಗಲಿಗಿಟ್ಟು ಹಿತ್ತಿಲ ಬಾಗಿಲು ತೆರೆದ.

ಜಲಜ: ಹ್ವಾಯ್! ಎಲ್ಲ್ ಹೋಪ್ದ್ ಹಾರೆ ಹಿಡ್ಕಂಡ್?

ಭಾಸ್ಕರ: ಹೊಂಡ ತೆಗುಕೆ. ಕೊಂದ್ ಮೇಲ್ ತೆಗುಕೆ ಪುರ್ಸೊತ್ತ್ ಇರುದಿಲ್ಲೆ.

ಜಲಜ: ಹಾಂಗಾರೆ ಬಚ್ಚಲ್ ಬದಿಗೇ ತೆಗಿನಿ!